ಬರೋರ ತಟ್ಟೆ

ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಂಗಾಲಕ್ಷ್ಮಿ ತಟ್ಟೆ ತೊಳೆಯುತ್ತಿದ್ದಳು. ಒಂದೊಂದನ್ನೇ ಎತ್ತಿಕೊಂಡು ನಾರಿನಿಂದ ಉಜ್ಜಿ, ಬಕೆಟ್ಟಿನಲ್ಲಿ ಅದ್ದಿ, ಒಂದಕ್ಕೊಂದು ತಾಗದ ಹಾಗೆ ಗೋಡೆಗೆ ಒರಗಿಸುತ್ತಿದ್ದಳು. ತಟ್ಟೆಗೆ ತಟ್ಟೆ ಬಡಿದು ಸದ್ದಾದರೆ ಯಾರಾದರೂ ತನ್ನ ಕಡೆ ತಿರುಗಿ ನೋಡುತ್ತಾರೆ ಎನ್ನುವುದು ಅವಳ ಹಳೆಯ ಅಂಜಿಕೆ. ಕೊನೆಗೆ ಉಳಿದ ತಟ್ಟೆಯಲ್ಲಿ ಒಂದು ಅಗುಳೂ ಇರಲಿಲ್ಲ, ಸಾರಿನ ಕಲೆಯೂ ಇರಲಿಲ್ಲ. ಯಾರೂ ಅದರಲ್ಲಿ ಉಂಡಿರಲಿಲ್ಲ. ಅದನ್ನೂ ಅವಳು ಉಳಿದವುಗಳಂತೆಯೇ ಉಜ್ಜಿ ತೊಳೆದು, ದುಪಟ್ಟಾದ ತುದಿಯಿಂದ ಒರೆಸಿ, ಒಳಗೆ ಕಪಾಟಿನ ಮೇಲಿನ ಹಲಗೆಯಲ್ಲಿ ಬೇರೆಯಾಗಿ ಇಟ್ಟು ಬಂದಳು.

ಆ ಮನೆಯಲ್ಲಿ ಅದಕ್ಕೆ ಬರೋರ ತಟ್ಟೆ ಎಂದು ಹೆಸರು.

ಮನೆಯ ಹೆಸರು ಬೇಥಾನ್ಯ. ಕೋಲಾರದಲ್ಲಿ ಅಂತರಗಂಗೆಯ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಹಂಚಿನ ಮನೆ. ಆಟೋದವರ ಬಾಯಲ್ಲಿ ಅದು ಬೆತ್ತಾನಿ ಮನೆ. ಸುಬೇದಾರರಾಗಿ ನಿವೃತ್ತರಾದ ಕಾಂತರಾಜ್, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಹೆಂಡತಿ ಎಸ್ತೇರಮ್ಮ, ಇಬ್ಬರೂ ಸೇರಿ ಆ ಮನೆಯನ್ನು ಸೈನ್ಯದವರ ಹೆಂಡಿರು ಮಕ್ಕಳಿಗೆಂದು ತೆರೆದಿಟ್ಟಿದ್ದರು. ಎಲ್ಲ ಸೈನಿಕರ ಮನೆಯವರಿಗೂ ಅಲ್ಲ. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು, ಕಡಲು ದಾಟಿ, ಬೇರೆ ದೇಶದ ಜಗಳ ಕಾಯಲು ಹೋದವರ ಮನೆಯವರಿಗೆ ಮಾತ್ರ. ಗಡಿಯಲ್ಲಿರುವವನ ಹೆಂಡತಿಗೆ ಊರಿನಲ್ಲಿ ಕೇಳುವವರಿರುತ್ತಾರೆ, ಆಫ್ರಿಕಾದಲ್ಲಿರುವವನ ಹೆಂಡತಿಗೆ ಅದು ಎಲ್ಲಿದೆ ಎಂದು ಹೇಳುವುದರಲ್ಲೇ ಸಾಕಾಗುತ್ತದೆ ಎನ್ನುತ್ತಿದ್ದರು ಕಾಂತರಾಜ್. ಮಾಲೂರಿನಿಂದ, ಮುಳಬಾಗಿಲಿನಿಂದ, ಶ್ರೀನಿವಾಸಪುರದ ಕಡೆಯಿಂದ ಶನಿವಾರ ಶನಿವಾರ ಹೆಂಗಸರು ಬಸ್ಸಿಳಿದು ಬರುತ್ತಿದ್ದರು. ಮಧ್ಯಾಹ್ನದ ಊಟ, ವೈಫೈಯಲ್ಲಿ ಗಂಡನ ಮುಖ, ಸಂಜೆಯ ಬಸ್ಸು. ಆಸ್ಪತ್ರೆಯ ಕೆಲಸವಿದ್ದವರು ಹಿಂದಿನ ಕೋಣೆಯಲ್ಲಿ ಉಳಿದುಕೊಳ್ಳುತ್ತಿದ್ದರು.

ತಟ್ಟೆಯ ವಿಷಯ ಕಾಂತರಾಜ್ ತಾವೇ ತಂದದ್ದು. ಚಿಕ್ಕ ವಯಸ್ಸಿನಲ್ಲಿ ಅವರೂ ನೀಲಿ ಟೋಪಿ ಹಾಕಿ ಆಫ್ರಿಕಾದ ಒಂದು ಊರಿನಲ್ಲಿದ್ದರು. ಅಲ್ಲಿ ಚರ್ಚಿನ ಪಕ್ಕದ ಒಬ್ಬ ಮುದುಕ ಮುದುಕಿ ಭಾನುವಾರ ಇವರನ್ನು ಊಟಕ್ಕೆ ಕರೆಯುತ್ತಿದ್ದರಂತೆ. ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಟ್ಟು, ಇದು ನಿನ್ನ ಮನೆಯವರಿಗೆ, ಹೆಸರು ಹೇಳು ಎನ್ನುತ್ತಿದ್ದರಂತೆ. ಕಾಂತರಾಜ್ ಎಸ್ತೇರ್ ಎಂದು ಹೇಳುತ್ತಿದ್ದರಂತೆ, ಆಗಿನ್ನೂ ಮದುವೆ ಗೊತ್ತಾಗಿತ್ತಷ್ಟೆ. ಈಗ ಬೇಥಾನ್ಯದ ಮೇಜಿನಲ್ಲೂ ಹಾಗೆಯೇ. ಬಂದ ಹೆಂಗಸರಲ್ಲಿ ಒಬ್ಬಳು ತನ್ನವನ ಹೆಸರು ಹೇಳಬೇಕು. ಎಲ್ಲರೂ ಕಣ್ಣು ಮುಚ್ಚಬೇಕು. ಎಸ್ತೇರಮ್ಮ, ‘ಕರ್ತನೇ, ಈ ತಟ್ಟೆಯ ಯಜಮಾನನನ್ನು ಕ್ಷೇಮವಾಗಿ ತಂದು ಈ ಮೇಜಿಗೆ ಕೂರಿಸು’ ಎಂದು ಪ್ರಾರ್ಥನೆ ಮಾಡುತ್ತಿದ್ದರು. ಅಷ್ಟೇ. ಬೈಬಲ್ ಓದಿ ಎಂದು ಯಾರಿಗೂ ಹೇಳಿದವರಲ್ಲ.

ಗಂಗಾಲಕ್ಷ್ಮಿ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಆ ತಟ್ಟೆಯನ್ನೇ ನೋಡುತ್ತಿದ್ದಳು. ಅವಳು ದೇವರಾಯಸಮುದ್ರದವಳು, ಮನೆಗೆಲಸಕ್ಕೆಂದು ಇಲ್ಲಿಗೆ ಬಂದವಳು. ಅಮ್ಮನಿಗೆ ಕಾಯಿಲೆಯಾದಾಗ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಳು, ಅಮ್ಮ ಹೋದ ಮೇಲೆ ಮತ್ತೆ ಹೋಗಲಿಲ್ಲ. ಇಲ್ಲದವರಿಗೆ ತಟ್ಟೆ ಇಡುವುದು ಎಂದರೆ ಅವಳ ಮನಸ್ಸಿಗೆ ಬರುತ್ತಿದ್ದುದು ಒಂದೇ. ಅಮ್ಮನ ಹನ್ನೊಂದನೇ ದಿನ, ಕೆರೆ ಏರಿಯ ಮೇಲೆ, ಬಾಳೆ ಎಲೆಯಲ್ಲಿ ಇಟ್ಟ ಎಡೆ. ಕಾಗೆ ಬಂದು ಮುಟ್ಟಿರಲಿಲ್ಲ. ಹುಣಸೆ ಮರದಲ್ಲಿ ಕೂತು ನೋಡುತ್ತಿತ್ತೇ ಹೊರತು ಇಳಿದಿರಲಿಲ್ಲ. ಸತ್ತವಳಿಗೆ ಏನೋ ಮನಸ್ಸಿನಲ್ಲಿ ಉಳಿದಿದೆ ಎಂದರು ದೊಡ್ಡವರು. ಆಗ ಅಪ್ಪ ಕೈ ಮುಗಿದು, ಗಂಗೀನ ಮತ್ತೆ ಸ್ಕೂಲಿಗೆ ಹಾಕ್ತೀನಿ ಕಣೇ, ಬಾರೇ ಎಂದಿದ್ದ. ಕಾಗೆ ಇಳಿದು ತಿಂದಿತ್ತು. ಅಪ್ಪ ಸ್ಕೂಲಿಗೆ ಹಾಕಲಿಲ್ಲ.

ಇದನ್ನು ಅವಳು ಬೇಥಾನ್ಯದಲ್ಲಿ ಯಾರಿಗೂ ಹೇಳಿರಲಿಲ್ಲ. ಎಸ್ತೇರಮ್ಮ ಮೂರು ತಲೆಮಾರಿನಿಂದ ಕ್ರೈಸ್ತರು, ಅವರ ಮನೆಯಲ್ಲಿ ಸತ್ತವರಿಗೆ ಯಾರೂ ಉಣಬಡಿಸಿದ್ದಿಲ್ಲ. ಬರುತ್ತಿದ್ದ ಹೆಂಗಸರೂ ಖಾಲಿ ತಟ್ಟೆಗೆ ಏನೂ ಅಂದಿರಲಿಲ್ಲ. ಖಾಲಿಯಾಗಿರುವ ತನಕ ಅದು ಬರೀ ತಟ್ಟೆ, ಎಂದು ಗಂಗಾಲಕ್ಷ್ಮಿ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದಳು.

ಹೋಳೂರಿನ ರಂಜಿತ ಆ ಮನೆಗೆ ಬಂದಾಗ ಆರು ತಿಂಗಳ ಬಸುರಿ. ಗಂಡ ಅಮರನಾಥ್ ದಕ್ಷಿಣ ಸುಡಾನಿನಲ್ಲಿದ್ದ. ಹೋದ ವರ್ಷ ಮೊದಲನೆಯದು ಏಳು ತಿಂಗಳಿಗೇ ಹೋಗಿತ್ತು. ಊರಿನಿಂದ ಆಟೋದಲ್ಲಿ ಆಸ್ಪತ್ರೆಗೆ ತರುವಷ್ಟರಲ್ಲಿ ದಾರಿಯಲ್ಲೇ ಎಲ್ಲ ಮುಗಿದಿತ್ತು. ಬಿ.ಪಿ. ಏರಿದ್ದು ಯಾರಿಗೂ ತಿಳಿದಿರಲಿಲ್ಲ. ಈ ಸಲವೂ ಕಾಲು ಊದುವುದಕ್ಕೆ ಶುರುವಾಗಿತ್ತು. ಅವಳಿಗೆ ತಾಯಿಯಿಲ್ಲ, ಬಾಣಂತನಕ್ಕೆ ತವರು ಎಂಬುದಿಲ್ಲ. ಹೆರಿಗೆಯ ತನಕ ಇಲ್ಲೇ ಇರಲಿ, ಆಸ್ಪತ್ರೆ ಹೆಜ್ಜೆಯ ದೂರ, ದಿನಾ ಬೆಳಿಗ್ಗೆ ನಾನೇ ಬಿ.ಪಿ. ನೋಡುತ್ತೇನೆ ಎಂದು ಎಸ್ತೇರಮ್ಮನೇ ಹೇಳಿದ್ದರು.

ಅತ್ತೆ ಭಾರತಮ್ಮ ಸುಲಭಕ್ಕೆ ಒಪ್ಪಿರಲಿಲ್ಲ. ಅಲ್ಲಿ ಮತ ಕೆಡಿಸ್ತಾರಂತೆ ಎಂದು ಊರಿನಲ್ಲಿ ಯಾರೋ ಅಂದಿದ್ದರು. ಆಕೆ ತಾನೇ ಒಂದು ದಿನ ಬಂದು ಮನೆಯೆಲ್ಲ ನೋಡಿದರು. ಅಡುಗೆಮನೆ, ನೀರಿನ ತೊಟ್ಟಿ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಸೈನಿಕರ ಫೋಟೋಗಳು, ಅದರಲ್ಲಿ ಹೊಸದಾಗಿ ಸೇರಿದ್ದ ತನ್ನ ಮಗನದು. ಕೊನೆಗೆ ಗಂಗಾಲಕ್ಷ್ಮಿಯ ಹತ್ತಿರ ಬಂದು ನಿಂತು ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಇವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಭಾರತಮ್ಮನ ಮುಖ ಸಡಿಲವಾಯಿತು. ‘ನಮ್ ಕಡೆ ಹುಡ್ಗಿ ಒಬ್ಳು ಇದ್ದಾಳಲ್ಲ, ಸಾಕು ಬಿಡು’ ಎಂದರು ಗಂಡನಿಗೆ. ಮಾವ ಕೋದಂಡರಾಮಪ್ಪ ಹೊರಗೆ ಕಾಂತರಾಜರ ಜೊತೆ ಹಿಪ್ಪುನೇರಳೆ ಸೊಪ್ಪಿನ ಮಾತಾಡುತ್ತಾ ಕೂತಿದ್ದವರು ಸುಮ್ಮನೆ ತಲೆಯಾಡಿಸಿದರು.

ಹೀಗೆ ರಂಜಿತ ಹಿಂದಿನ ಕೋಣೆಗೆ ಬಂದಳು. ಗಂಗಾಲಕ್ಷ್ಮಿಯೂ ಅಲ್ಲೇ ಮಲಗುತ್ತಿದ್ದಳು. ರಂಜಿತ ಮಾತಿನ ಮಲ್ಲಿ. ಅವರೆಕಾಯಿ ಬಿಡಿಸುತ್ತಾ, ಇವಳ ಜಡೆ ಹೆಣೆಯುತ್ತಾ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿ, ಮಾತಾಡುತ್ತಲೇ ಇರುವವಳು. ಗಂಗಾಲಕ್ಷ್ಮಿ ಹೂಂ ಎನ್ನುವುದೇ ಹೆಚ್ಚು.

‘ಅಲ್ಲ ಕಣೇ, ನಿನ್ ಮಾತೆಲ್ಲ ರೇಷನ್ ಅಂಗಡೀಲಿ ತರ್ತೀಯೇನೇ? ತಿಂಗ್ಳಿಗಿಷ್ಟು ಅಂತ?’ ಎಂದು ರಂಜಿತ ಕೇಳಿದ್ದಳು ಒಂದು ಸಲ.

ಗಂಗಾಲಕ್ಷ್ಮಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡು ನಕ್ಕಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ‘ಈ ತಿಂಗ್ಳುದು ಮುಗೀತು’ ಎಂದಿದ್ದಳು. ರಂಜಿತ ಎದ್ದು ಕೂರುವಷ್ಟು ನಕ್ಕಿದ್ದಳು. ಯಾರನ್ನಾದರೂ ತಾನು ನಗಿಸಿದ್ದು ಅದೇ ಮೊದಲು ಎಂದು ಗಂಗಾಲಕ್ಷ್ಮಿಗೆ ಆ ರಾತ್ರಿಯೆಲ್ಲ ಅನ್ನಿಸುತ್ತಿತ್ತು. ಈ ಅಕ್ಕ ಇಲ್ಲೇ ಹೆರಬೇಕು, ಮಗುವನ್ನು ಮೊದಲು ತಾನೇ ಎತ್ತಿಕೊಳ್ಳಬೇಕು. ಅವಳು ಬೇರೆ ಏನನ್ನೂ ಅಷ್ಟು ಆಸೆಪಟ್ಟಿರಲಿಲ್ಲ.

ಕ್ರಿಸ್ಮಸ್ ಕಳೆದು ಅವರೆಕಾಯಿ ಸೊಗಡಿಗೆ ಬಂದಿದ್ದ ಕಾಲ. ಅಮರನಾಥನ ಫೋನು ಬರುವುದು ನಿಂತುಹೋಯಿತು. ಅಲ್ಲಿ ಏನೋ ಗಲಾಟೆಯಾಗಿ ಇಂಟರ್‌ನೆಟ್ ತೆಗೆದಿದ್ದಾರೆ, ಕ್ಯಾಂಪಿಗೇನೂ ಆಗಿಲ್ಲ ಎಂದು ಕಾಂತರಾಜ್ ತಮ್ಮ ಹಳೆಯ ಸ್ನೇಹಿತರಿಂದ ತಿಳಿದುಕೊಂಡು ಹೇಳಿದರು. ರಂಜಿತ ಹೂಂ ಎಂದಳು. ಆದರೂ ಫೋನನ್ನು ಸ್ನಾನದ ಮನೆಗೂ ತೆಗೆದುಕೊಂಡು ಹೋಗುತ್ತಿದ್ದಳು. ಅವಳ ಮಾತು ಕಮ್ಮಿಯಾಯಿತು. ಬಿ.ಪಿ. ಪಟ್ಟಿ ಬಿಚ್ಚುವಾಗ ಎಸ್ತೇರಮ್ಮನ ಹುಬ್ಬು ಗಂಟಿಕ್ಕುತ್ತಿದ್ದುದನ್ನು ಗಂಗಾಲಕ್ಷ್ಮಿ ನೋಡುತ್ತಿದ್ದಳು.

ಅಂಥದ್ದರಲ್ಲಿ ಅಮರನಾಥನ ಹುಟ್ಟಿದ ಹಬ್ಬ ಬಂತು. ಶನಿವಾರ. ಇವತ್ತು ಬರೋರ ತಟ್ಟೆ ಅವರದೇ, ಅವರಿಗೆ ಇಷ್ಟವಾದದ್ದನ್ನೇ ಮಾಡುತ್ತೇನೆ ಎಂದು ರಂಜಿತ ಬೆಳಿಗ್ಗೆಯೇ ಎದ್ದಳು. ಕೂತುಕೋ, ಗಂಗಿ ಮಾಡುತ್ತಾಳೆ ಎಂದರೂ ಕೇಳಲಿಲ್ಲ. ಹಿತಕಿದ ಅವರೆಬೇಳೆ ಸಾರು, ಕೋಳಿ ಹುರಿದದ್ದು, ಮುದ್ದೆ. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಕಳೆಯಿತ್ತು. ಆ ಕಳೆಯನ್ನು ನೋಡಿ ಎಸ್ತೇರಮ್ಮನೂ ಎಲ್ಲದಕ್ಕೂ ಹೂಂ ಎಂದರು.

ಆ ದಿನ ಬಂದವಳು ಮಾಲೂರಿನ ಮೇಘನ ಒಬ್ಬಳೇ, ಜೊತೆಗೆ ಮೂರು ವರ್ಷದ ಮಗಳು. ಮೇಘನಳ ಗಂಡ ಇದ್ದದ್ದು ಲೆಬನಾನಿನಲ್ಲಿ. ಅವನ ಕರೆ ಬಂತೆಂದು ಅವಳು ಫೋನು ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದಳು.

ರಂಜಿತ ತಟ್ಟೆಯನ್ನು ಮೇಜಿನ ತುದಿಯಲ್ಲಿಟ್ಟಳು. ‘ಖಾಲಿ ಬೇಡ ಅಮ್ಮಾ ಇವತ್ತು. ಬಡಿಸ್ಬಿಡ್ತೀನಿ. ಫೋಟೋ ತೆಗ್ದು ಕಳ್ಸಿದ್ರೆ, ನೆಟ್ಟು ಬಂದ ತಕ್ಷಣ ನೋಡ್ತಾರೆ. ಹೊಟ್ಟೆ ಉರ್ಕೊಳ್ಳಲಿ’ ಎಂದಳು. ಎಸ್ತೇರಮ್ಮ ನಕ್ಕರು. ಮುದ್ದೆ ಬಿತ್ತು, ಸಾರು ಬಿತ್ತು, ಕೋಳಿ ಬಿತ್ತು. ಪಕ್ಕದಲ್ಲಿ ಲೋಟದ ನೀರು. ಗಂಗಾಲಕ್ಷ್ಮಿ ಚೌಕಟ್ಟಿಗೆ ಒರಗಿದ್ದವಳು ನೆಟ್ಟಗೆ ನಿಂತಳು.

ಬರೀ ಊಟದ ಫೋಟೋ ಚೆನ್ನಾಗಿ ಬರುವುದಿಲ್ಲ ಎನ್ನಿಸಿತು ರಂಜಿತಳಿಗೆ. ಗೋಡೆಯಿಂದ ಅಮರನಾಥನ ಫೋಟೋ ಇಳಿಸಿ, ತಟ್ಟೆಯ ಹಿಂದೆ ನೀರಿನ ಜಗ್ಗಿಗೆ ಒರಗಿಸಿದಳು. ಅವನೇ ಕೂತು ಉಣ್ಣುವ ಹಾಗೆ. ಹುಟ್ಟಿದ ಹಬ್ಬವಲ್ಲವೇ ಎಂದು ಎಸ್ತೇರಮ್ಮ ಕ್ರಿಸ್ಮಸ್ಸಿಗೆ ತಂದು ಉಳಿದಿದ್ದ ಬಿಳಿಯ ಮೇಣದಬತ್ತಿಯನ್ನು ಫೋಟೋದ ಮುಂದೆ ಹಚ್ಚಿಟ್ಟರು. ಒಬ್ಬೊಬ್ಬರು ಒಂದೊಂದನ್ನು ಪ್ರೀತಿಯಿಂದ ತಂದಿಡುತ್ತಿದ್ದರು. ಅದು ಏನಾಗುತ್ತಿದೆ ಎಂಬುದು ಬಾಗಿಲಲ್ಲಿ ನಿಂತವಳಿಗೆ ಮಾತ್ರ ಕಾಣುತ್ತಿತ್ತು. ಗಂಗಾಲಕ್ಷ್ಮಿ ‘ಅಮ್ಮಾ’ ಎಂದಳು. ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಅಷ್ಟರಲ್ಲಿ ಎಸ್ತೇರಮ್ಮ ಕಣ್ಣು ಮುಚ್ಚಿದ್ದರು. ಕಾಂತರಾಜ್ ಮುಚ್ಚಿದ್ದರು. ರಂಜಿತಳೂ ಕೈ ಜೋಡಿಸಿಕೊಂಡು ಕಣ್ಣು ಮುಚ್ಚಿದ್ದಳು, ರೆಪ್ಪೆಯ ಕೆಳಗಿಂದ ನೀರು ಇಳಿಯುತ್ತಿತ್ತು.

‘ಕರ್ತನೇ, ಈ ತಟ್ಟೆಯ ಯಜಮಾನನನ್ನು’ ಎಂದು ಎಸ್ತೇರಮ್ಮ ಶುರುಮಾಡಿದರು.

ಮೇಘನಳ ಮಗಳು ಕುರ್ಚಿಯ ಮೇಲೆ ಹತ್ತಿ ನಿಂತಿತ್ತು. ಸಂಜೆ ದೇವಸ್ಥಾನಕ್ಕೆಂದು ಅಮ್ಮ ತಂದಿದ್ದ ಸೇವಂತಿಗೆ ಹಾರ ಮೇಜಿನ ಮೇಲೆ ಬಿದ್ದಿತ್ತು. ಮಗು ಅದನ್ನು ಎತ್ತಿ, ಮನೆಯಲ್ಲಿ ದೇವರ ಪಟಕ್ಕೆ ಹಾಕುವುದನ್ನು ನೋಡಿದ್ದ ಹಾಗೆಯೇ, ಅಮರನಾಥನ ಫೋಟೋಗೆ ಹಾಕಿತು. ಹಾಕಿ ಇಳಿದು, ಅಮ್ಮನನ್ನು ಹುಡುಕಿಕೊಂಡು ಒಳಗೆ ಓಡಿತು.

ಗಂಗಾಲಕ್ಷ್ಮಿ ಚೌಕಟ್ಟು ಬಿಟ್ಟಳು. ಮೆಲ್ಲಗೆ ಹೆಜ್ಜೆಯಿಟ್ಟು ಮೇಜಿನ ಹತ್ತಿರ ಬಂದಳು. ಪ್ರಾರ್ಥನೆ ಮುಗಿಯುವುದರೊಳಗೆ ಹಾರ ತೆಗೆದುಬಿಡಬೇಕು, ರಂಜಿತ ಕಣ್ಣು ಬಿಡುವುದರೊಳಗೆ. ಎರಡೂ ಕೈ ಚಾಚಿ ಹಾರವನ್ನು ಹಿಡಿದಳು. ದಾರ ಫ್ರೇಮಿನ ಮೂಲೆಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುತ್ತಿರುವಾಗಲೇ ಗೇಟು ಕಿರ್ ಎಂದಿತು. ಬಾಗಿಲು ತೆರೆದೇ ಇತ್ತು.

ಭಾರತಮ್ಮ, ಕೋದಂಡರಾಮಪ್ಪ ಹೊಸ್ತಿಲಲ್ಲಿ ನಿಂತಿದ್ದರು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಬಂದವರು, ಸೊಸೆಗೆಂದು ಹುರಿಹಿಟ್ಟು ತುಪ್ಪ ತಂದಿದ್ದರು. ಮಗನ ಹುಟ್ಟಿದ ದಿನವೆಂದೇ ಬಂದಿದ್ದರೋ ಏನೋ. ಕೋದಂಡರಾಮಪ್ಪನ ಕೈಯಲ್ಲಿ ಚೀಲವಿತ್ತು.

ಭಾರತಮ್ಮನ ಕಣ್ಣು ಒಂದೊಂದನ್ನೇ ನೋಡಿತು. ಬಡಿಸಿದ ತಟ್ಟೆ. ಲೋಟದ ನೀರು. ಉರಿಯುತ್ತಿದ್ದ ಬತ್ತಿ. ಮಗನ ಮುಖ. ಹಾರ. ಹಾರದ ಮೇಲಿದ್ದ ಗಂಗಾಲಕ್ಷ್ಮಿಯ ಎರಡು ಕೈ. ಸುತ್ತ ಕಣ್ಣು ಮುಚ್ಚಿ ನಿಂತ ಜನ, ಅಳುತ್ತಿದ್ದ ಸೊಸೆ. ಆಕೆ ಹೊಸ್ತಿಲ ಮೇಲೆ ಕುಸಿದು ಕೂತರು. ಬಾಯಿ ತೆರೆಯಿತು, ಉಸಿರು ಬರಲಿಲ್ಲ.

‘ಯಾವಾಗ ಹೋದ?’ ಎಂದು ಕೇಳಿದರು ಕೋದಂಡರಾಮಪ್ಪ. ಅಷ್ಟೇ ಮಾತು, ಬಸ್ಸು ಯಾವಾಗ ಹೋಯಿತು ಎಂದು ಕೇಳುವ ಹಾಗೆ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಇಲ್ಲ, ಅವನಿಗೇನೂ ಆಗಿಲ್ಲ, ಚೆನ್ನಾಗಿದ್ದಾನೆ, ಇದು ಹುಟ್ಟಿದ ಹಬ್ಬಕ್ಕೆ ಎಂದು ಕಾಂತರಾಜ್. ರಂಜಿತ ಓಡಿಬಂದು ಅತ್ತೆಯ ಕಾಲು ಹಿಡಿದುಕೊಂಡು, ಫೋಟೋ ತೆಗೆದು ಕಳಿಸುವುದಕ್ಕೆ ಅತ್ತೆ, ಫೋಟೋಗೆ ಎಂದಳು. ಹೇಳುತ್ತಲೇ ತಿರುಗಿ ಮೇಜನ್ನು ನೋಡಿದಳು. ಆಗ ಅವಳಿಗೂ ಕಂಡಿತು. ಅವಳ ಮುಖ ಸುಣ್ಣವಾಯಿತು.

ಉಸಿರು ಮರಳಿದ ಮೇಲೆ ಭಾರತಮ್ಮ ಎದ್ದರು. ಬಾಯಿಗೆ ಕನ್ನಡ ಬರಲಿಲ್ಲ, ತೆಲುಗು ಬಂತು. ‘ನಾ ಕೊಡುಕು ಬತಿಕೇ ಉನ್ನಾಡು’ ಎಂದರು. ನನ್ನ ಮಗ ಬದುಕೇ ಇದ್ದಾನೆ. ಮತ್ತೆ ಅದನ್ನೇ ಅಂದರು, ಇನ್ನೂ ಮೆಲ್ಲಗೆ. ಎಸ್ತೇರಮ್ಮ ಹತ್ತಿರ ಹೋಗಿ ಭುಜ ಮುಟ್ಟಲು ಹೊರಟರೆ ಹಿಂದಕ್ಕೆ ಸರಿದರು. ಫೋಟೋ ಎತ್ತಿಕೊಂಡು, ಹಾರವನ್ನು ಕಿತ್ತು ನೆಲಕ್ಕೆ ಹಾಕಿ, ಸೆರಗಿನಲ್ಲಿ ಮಗನ ಮುಖ ಮುಚ್ಚಿಕೊಂಡರು. ಹೋಗುವ ಮುಂಚೆ ಗಂಗಾಲಕ್ಷ್ಮಿಯ ಎದುರು ನಿಂತರು.

‘ಅವ್ರಿಗೆ ಗೊತ್ತಿಲ್ಲ ಅನ್ಕೋತೀನಿ. ನೀನು ನಮ್ಮೋಳಲ್ವೇನೇ? ನಿನ್ ಕೈಯಾರೆ ಹಾರ ಹಾಕಿದ್ಯಲ್ಲೇ.’

ಹಾಕಿದ್ದಲ್ಲ, ತೆಗೆಯುತ್ತಿದ್ದೆ ಎಂದು ಗಂಗಾಲಕ್ಷ್ಮಿ ಹೇಳಬೇಕಿತ್ತು. ಹಾಗಾದರೆ ಹಾಕಿದವರು ಯಾರು ಎನ್ನುತ್ತಿದ್ದರು. ಒಳಗಿನ ಬಾಗಿಲಲ್ಲಿ ಮೇಘನ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು. ಮಗುವಿನ ಬೆರಳಿಗೆ ಸೇವಂತಿಗೆಯ ಹಳದಿ ಎಸಳು ಅಂಟಿತ್ತು.

ರಂಜಿತಳ ಬಟ್ಟೆಯನ್ನು ಕೋದಂಡರಾಮಪ್ಪನೇ ಚೀಲಕ್ಕೆ ತುಂಬಿದರು. ಬಿ.ಪಿ. ಜಾಸ್ತಿಯಿದೆ, ಈಗ ಕರೆದುಕೊಂಡು ಹೋಗಬೇಡಿ, ನಮ್ಮ ಮೇಲೆ ಎಷ್ಟು ಕೋಪವಿದ್ದರೂ ಇರಲಿ, ಅವಳು ಇಲ್ಲಿರಲಿ ಎಂದು ಎಸ್ತೇರಮ್ಮ ಗೇಟಿನ ತನಕ ಹೇಳಿಕೊಂಡು ಹೋದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುರಿಹಿಟ್ಟು ತುಪ್ಪದ ಚೀಲವನ್ನು ಮೊದಲು ಕುರ್ಚಿಯ ಮೇಲಿಟ್ಟಿದ್ದ ಕೋದಂಡರಾಮಪ್ಪ, ಹೊರಗೆ ಹೋದವರು ಮತ್ತೆ ಒಳಗೆ ಬಂದು ಅದನ್ನೂ ತೆಗೆದುಕೊಂಡು ಹೋದರು. ರಂಜಿತ ಆಟೋ ಹತ್ತುವಾಗ ಹಿಂದಕ್ಕೆ ತಿರುಗಿ ನೋಡಿದಳು. ಅತ್ತೆಯ ಕೈ ಅವಳ ರಟ್ಟೆಯ ಮೇಲಿತ್ತು.

ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಎಸ್ತೇರಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಗಾಲಕ್ಷ್ಮಿ ಬಡಿಸಿದ್ದ ತಟ್ಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಎಂಜಲು ಹಾಕುವ ಜಾಗ ಕಾಂಪೌಂಡಿನ ಮೂಲೆಯಲ್ಲಿತ್ತು. ಅಲ್ಲಿಗೆ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಗೋಡೆಯ ಮೇಲೆ ಕಾಗೆ ಕೂತಿತ್ತು.

ದಿನಾ ಕೂರುವ ಕಾಗೆ. ಇವಳು ತಟ್ಟೆ ತೊಳೆಯುವ ಹೊತ್ತಿಗೆ ಬಂದು ಅಗುಳು ಹೆಕ್ಕುವಂಥದ್ದು. ಕತ್ತು ಓರೆ ಮಾಡಿ ತಟ್ಟೆಯನ್ನು ನೋಡಿತು, ಇನ್ನೊಂದು ಪಕ್ಕಕ್ಕೆ ಓರೆ ಮಾಡಿ ಇವಳನ್ನು ನೋಡಿತು. ಒಂದು ಸಲ ಕಾ ಎಂದಿತು. ಚೆಲ್ಲಿದರೆ ಮುಟ್ಟುತ್ತದೆ. ಮಣ್ಣಿನಲ್ಲಿ ಹೂತರೂ ಕೆದಕುತ್ತದೆ. ಅದು ಮುಟ್ಟಿದರೆ ಇದು ಎಡೆಯಾಗುತ್ತದೆ, ಮನುಷ್ಯರು ಉಂಡರೆ ಬರೀ ಊಟ.

ಗಂಗಾಲಕ್ಷ್ಮಿ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕಾಗೆಗೆ ಬೆನ್ನು ಮಾಡಿ, ಮೊಣಕಾಲಿನ ಮೇಲೆ ತಟ್ಟೆ ಇಟ್ಟುಕೊಂಡು, ಮುದ್ದೆ ಮುರಿದಳು. ತಣ್ಣಗಾಗಿ ಗಟ್ಟಿಯಾಗಿತ್ತು. ಸಾರಿನಲ್ಲಿ ಅದ್ದಿ ನುಂಗಿದಳು. ಗಂಟಲಲ್ಲಿ ಇಳಿಯದಿದ್ದರೆ ನೀರು ಕುಡಿದು ನುಂಗಿದಳು. ಆಳುಗಂಡಸಿಗೆ ಬಡಿಸಿದ್ದ ಊಟ, ಅಷ್ಟು ಅವಳು ಯಾವತ್ತೂ ಉಂಡವಳಲ್ಲ. ಕೋಳಿಯ ಮೂಳೆಯನ್ನೂ ಬಿಡದೆ ಜಗಿದು, ಜಗಿಯಲಾಗದ್ದನ್ನು ಕಾಗದದಲ್ಲಿ ಸುತ್ತಿ ಒಲೆಗೆ ಹಾಕಿದಳು. ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಆಮೇಲೆ ತೊಳೆದಳು. ಆ ತಟ್ಟೆಯಲ್ಲಿ ಎಂಜಲು ತೊಳೆದದ್ದು ಅದೇ ಮೊದಲು.

ಮುಂದಿನ ಶನಿವಾರ ಯಾರೂ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಬದುಕಿರುವವರಿಗೆ ಎಡೆ ಇಡುವ ಮನೆ ಎಂಬ ಸುದ್ದಿ ಮುಳಬಾಗಿಲಿನ ಆಚೆಗೂ ಹೋಗಿತ್ತು. ಒಂದು ಸಂಜೆ ಕಾಂತರಾಜ್ ಅಡುಗೆಮನೆಯ ಬಾಗಿಲಲ್ಲಿ ನಿಂತು, ಖಾಲಿ ತಟ್ಟೆ ಇಡುತ್ತಿದ್ದಾಗಲೂ ನಿನಗೆ ಹಾಗೆ ಅನ್ನಿಸುತ್ತಿತ್ತೇನಮ್ಮಾ ಎಂದು ಕೇಳಿದರು. ಗಂಗಾಲಕ್ಷ್ಮಿ ಹೌದೆಂದು ತಲೆಯಾಡಿಸಿದಳು. ಅವರು ಬೈಯಲಿಲ್ಲ. ನಮ್ಮೂರಿನಲ್ಲೇ ಹುಟ್ಟಿ ನಮ್ಮ ಅಕ್ಕಪಕ್ಕದವರ ಮನಸ್ಸು ತಿಳಿಯದೆ ಹೋದೆ ಎಂದು ಯಾರಿಗೋ ಹೇಳುವ ಹಾಗೆ ಹೇಳಿ ಹೋದರು. ಎಸ್ತೇರಮ್ಮ ಮಾತ್ರ ಊಟದ ಹೊತ್ತಿಗೆ ಮೇಜಿನ ತುದಿಯ ಕಡೆ ನೋಡದೆ ಉಣ್ಣುತ್ತಿದ್ದರು.

ಅಮರನಾಥನ ನೆಟ್ಟು ಬಂತು. ಅವನಿಗೇನೂ ಆಗಿರಲಿಲ್ಲ. ಕಾಂತರಾಜರಿಗೇ ಕರೆ ಮಾಡಿ, ನೀವು ಒಳ್ಳೇದಕ್ಕೇ ಮಾಡಿದ್ದು ಅಂತ ಗೊತ್ತು ಸರ್, ಆದರೆ ಅಮ್ಮ ಊಟ ಬಿಟ್ಟಿದ್ದಾಳೆ, ನಾನು ಊರಿಗೆ ಬರುವ ತನಕ ರಂಜಿತ ಮನೆಯಲ್ಲೇ ಇರಲಿ, ನೀವು ಅಲ್ಲಿಗೆ ಹೋಗಬೇಡಿ ಎಂದು ಕೇಳಿಕೊಂಡ. ದನಿ ದಣಿದಿತ್ತು. ಅಷ್ಟು ದೂರದಲ್ಲಿ ಕೂತು ಅವನು ಇನ್ನೇನು ಹೇಳಿಯಾನು.

ಅದಾದ ಮೇಲೆ ಒಂದು ಮಧ್ಯಾಹ್ನ ಗಂಗಾಲಕ್ಷ್ಮಿಯ ಫೋನಿಗೆ ಯಾವುದೋ ನಂಬರಿನಿಂದ ಕರೆ ಬಂತು. ರಂಜಿತ. ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು, ಹಿಂದೆ ಹಸುಗಳ ಗೊರಸಿನ ಸದ್ದು. ಮುಖವೂ ಊದಿದೆ, ಬೆಳಿಗ್ಗೆ ಎದ್ದರೆ ಕಣ್ಣು ಮಂಜಾಗುತ್ತದೆ, ಊರಿನ ನರ್ಸಮ್ಮ ಒಂದು ಸಲ ಬಂದು ಮಾತ್ರೆ ಕೊಟ್ಟು ಹೋದಳು ಎಂದಳು.

‘ಅತ್ತೆ ಕೆಟ್ಟೋರಲ್ಲ ಕಣೇ. ನಿದ್ದೆ ಮಾಡಲ್ಲ. ಒಂದೇ ಮಾತು ಕೇಳ್ತಾರೆ, ಆ ತಟ್ಟೆ ಊಟ ಏನಾಯ್ತು, ಏನಾಯ್ತು ಅಂತ. ಕಾಗೆ ಮುಟ್ತಾ ಅಂತ. ನಂಗೇನ್ ಗೊತ್ತು? ಗಂಗೀ, ಕಾಗೆ ಮುಟ್ತಾ?’

‘ಅಕ್ಕಾ’ ಎಂದಳು ಗಂಗಾಲಕ್ಷ್ಮಿ. ಉಳಿದದ್ದು ಬಾಯಿಗೆ ಬರುವಷ್ಟರಲ್ಲಿ ಆ ಕಡೆ ಯಾರೋ ಕರೆದರು, ಫೋನು ಆರಿತು. ಅದೇ ನಂಬರಿಗೆ ಮತ್ತೆ ಮತ್ತೆ ಮಾಡಿದಳು. ಎತ್ತಲಿಲ್ಲ.

ಅವಳು ನೇರವಾಗಿ ಎಸ್ತೇರಮ್ಮನ ಕೋಣೆಗೆ ಹೋದಳು. ಬಾಗಿಲು ತಟ್ಟದೆ ಹೋದದ್ದು ಅದೇ ಮೊದಲು. ಹೋಳೂರಿಗೆ ಹೋಗಬೇಕು ಎಂದಳು. ಹುಡುಗ ಬೇಡವೆಂದಿದ್ದಾನೆ ಎಂದು ಕಾಂತರಾಜ್ ಹಿಂದೆಮುಂದೆ ನೋಡಿದರು. ಮುಖ ಊದಿದೆಯಂತೆ, ಕಣ್ಣು ಮಂಜಂತೆ ಎಂದು ಕೇಳಿದ ಮೇಲೆ ಎಸ್ತೇರಮ್ಮ ಬಿ.ಪಿ. ಯಂತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿಯೇಬಿಟ್ಟರು.

ದಾರಿಯುದ್ದಕ್ಕೂ ಗಂಗಾಲಕ್ಷ್ಮಿ ಕಾರಿನ ಹಿಂದಿನ ಸೀಟಿನಲ್ಲಿ ತನ್ನ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಕಾಗೆ ಮುಟ್ಟಲಿಲ್ಲ, ನಾನು ಉಂಡೆ. ಇಷ್ಟೇ. ಇಷ್ಟು ಹೇಳಿದರೆ ಆ ತಾಯಿ ಊಟ ಮಾಡುತ್ತಾಳೆ, ಊಟ ಮಾಡಿದವಳು ಮೆತ್ತಗಾಗುತ್ತಾಳೆ, ಮೆತ್ತಗಾದವಳು ಕಳಿಸಿಕೊಡುತ್ತಾಳೆ. ರಾಗಿ ಕೊಯ್ದ ಹೊಲಗಳು, ಟೊಮೇಟೊ ಕಡ್ಡಿಗಳ ಸಾಲು ಹಿಂದಕ್ಕೆ ಹೋಗುತ್ತಿದ್ದವು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಕೋದಂಡರಾಮಪ್ಪ ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬಂದವರನ್ನು ನೋಡಿ ಬೈಯಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ, ಚೊಂಬಿನಲ್ಲಿ ನೀರು ತಂದಿಟ್ಟರು. ಒಳಬಾಗಿಲಿಗೆ ಹಸಿರು ಪರದೆ ಇಳಿಬಿದ್ದಿತ್ತು. ಅದರ ಆಚೆ ಭಾರತಮ್ಮ ಇದ್ದಾರೆಂಬುದು ಬಳೆಯ ಸದ್ದಿನಿಂದ ಗೊತ್ತಾಗುತ್ತಿತ್ತು.

ಎಸ್ತೇರಮ್ಮ ಪರದೆಯ ಕಡೆ ಮುಖ ಮಾಡಿ ಮಾತಾಡಿದರು. ತಪ್ಪಾಯಿತು ಎಂದರು. ಗೊತ್ತಿಲ್ಲದೆ ಆಯಿತು ಎಂದರು, ನಿಮ್ಮ ಮಗ ನಮ್ಮ ಮಗನೂ ಹೌದು ಎಂದರು. ಅವಳ ಬಿ.ಪಿ. ಒಂದು ಸಲ ನೋಡಿ ಹೊರಟುಬಿಡುತ್ತೇವೆ ಎಂದರು. ಬಳೆಯ ಸದ್ದು ನಿಂತಿತು. ಅಷ್ಟೇ. ಕೋದಂಡರಾಮಪ್ಪ ನೆಲ ನೋಡುತ್ತಾ ಕೂತಿದ್ದರು. ಕಾಂತರಾಜ್ ನೀರಿನ ಚೊಂಬನ್ನು ಎತ್ತಿ, ಕುಡಿಯದೆ ಕೆಳಗಿಟ್ಟರು.

ಗಂಗಾಲಕ್ಷ್ಮಿ ಎದ್ದು ನಿಂತಳು. ಇಷ್ಟು ಜನರ ಎದುರಿಗೆ ಅವಳು ಬಾಯಿ ತೆರೆದವಳೇ ಅಲ್ಲ.

‘ಅಮ್ಮಾ, ಕಾಗೆ ಮುಟ್ಲಿಲ್ಲ’ ಎಂದಳು. ‘ಗೋಡೆ ಮೇಲೆ ಕೂತಿತ್ತು. ನಾನು ಬಿಡ್ಲಿಲ್ಲ. ಎಲ್ಲಾ ನಾನೇ ಉಂಡೆ. ಒಂದಗುಳೂ ಕೆಳ್ಗೆ ಬೀಳ್ಲಿಲ್ಲ. ಅದು ಎಡೆ ಆಗ್ಲಿಲ್ಲ ಅಮ್ಮಾ, ಊಟ ಆಯ್ತು.’

ಎಸ್ತೇರಮ್ಮ ತಿರುಗಿ ಅವಳನ್ನು ನೋಡಿದರು. ಅವರಿಗೂ ಇದು ಗೊತ್ತಿರಲಿಲ್ಲ. ಕೋದಂಡರಾಮಪ್ಪ ಮೊದಲ ಸಲ ತಲೆಯೆತ್ತಿದರು.

ಆಮೇಲೆ ಭಾರತಮ್ಮನ ದನಿ ಬಂತು. ಕೋಪವಿರಲಿಲ್ಲ ಅದರಲ್ಲಿ, ಅಳುವೂ ಇರಲಿಲ್ಲ.

‘ಉಂಡೋರು ಯಾರಾದ್ರೇನಮ್ಮಾ. ಇಟ್ಟಿದ್ದು ಇಟ್ಟಂಗೇ.’

ಬಳೆ ಮತ್ತೆ ಸದ್ದಾಯಿತು, ದೂರ ದೂರವಾಗಿ ಅಡುಗೆಮನೆಯ ಕಡೆ ಹೋಯಿತು. ಕೋದಂಡರಾಮಪ್ಪ ಎದ್ದು, ಹಸುವಿಗೆ ನೀರು ತೋರಿಸಬೇಕು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಕೊಟ್ಟಿಗೆಗೆ ಹೋದರು. ಕಾಂತರಾಜ್ ಕಾರಿನ ಬೀಗದ ಕೈ ತೆಗೆದುಕೊಂಡರು. ಎಸ್ತೇರಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡು ಅಂಗಳಕ್ಕೆ ಇಳಿದರು.

ಗಂಗಾಲಕ್ಷ್ಮಿ ಇಳಿಯಲಿಲ್ಲ. ಪರದೆ ನೆಲಕ್ಕೆ ತಾಗುತ್ತಿರಲಿಲ್ಲ. ಅದರ ಅಂಚಿಗೂ ಹೊಸ್ತಿಲಿಗೂ ನಡುವೆ ಎರಡು ಪಾದ ಕಾಣುತ್ತಿದ್ದವು. ಊದಿ ಹೊಳೆಯುತ್ತಿದ್ದವು. ಬೆರಳಿನ ಮಾಂಸ ಎದ್ದು ಕಾಲುಂಗುರ ಒಳಕ್ಕೆ ಹೂತುಹೋಗಿತ್ತು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದವೋ. ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಕಾರು ಶುರುವಾಯಿತು. ಗಂಗಾಲಕ್ಷ್ಮಿ ಅಡುಗೆಮನೆಯ ತನಕ ಕೇಳಿಸಲಿ, ಕೊಟ್ಟಿಗೆಯ ತನಕ ಕೇಳಿಸಲಿ ಎಂದು ದನಿಯೆತ್ತಿ ಹೇಳಿದಳು.

‘ನಮ್ಮನೆಗೆ ಬೇಡ. ಆಸ್ಪತ್ರೆಗಾದ್ರೂ ಕಳ್ಸಿಕೊಡಿ.’